ಇಳಿಸಿದ ಕೂವೆಮರ

ಪ್ಯಾರಿಸ್ ಕಡೆಯಿಂದ ಸಮುದ್ರಕ್ಕೆ ಹರಿಯುವ ಹೊಳೆಯ ದಡದ ರುವಾನ್ ಊರಿನಲ್ಲಿ, ದೋಣಿ ನಿಲ್ಲುವ ಹಳೇ ಧಕ್ಕೆಯಲ್ಲಿ ಕಟ್ಟಿಹಾಕಿದ್ದ ‘ಸ್ತೆರೆದೆನ್’ ಎಂಬ ಹಾಯಿದೋಣಿಯಲ್ಲಿ ಮರಿವೋನ್ ಮತ್ತು ಅವಳ ಗಂಡ ಜಿಲ್ದಾಸ್ ಸಂಸಾರ ಹೂಡಿ ಅದು ಎರಡನೆಯ ಚಳಿಗಾಲ. ಹಾಯಿ ಕಟ್ಟುವ ಕೂವೆಮರವನ್ನು ಕ್ರೇನಿನಿಂದ ಇಳಿಸಿ ದೋಣಿಯ ಮೇಲೆ ಉದ್ದಕ್ಕೆ ಮಲಗಿಸಿದ್ದರು. ಒಳನಾಡಿನ ಕಾಲುವೆಗಳ ಸೇತುವೆಗಳು ತೀರ ತಗ್ಗು. ನಿಂತ ಕೂವೆಮರ ಅವುಗಳಡಿ ನುಸುಳಲಾರದು. ಒಳಗಿಂದ ಹೊರಗೆ ಬರಬೇಕಾದರೆ ಆ ಮಲಗಿದ ಮರಕ್ಕೆ ತಲೆ ಬಾಗಿಸಿಯೇ ಬರಬೇಕು. ಮರಿವೋನಳ ಹಣೆಗೆ ಅದು ಎರಡು ಸಲ ಬಡಿದು ಗುರುತು ಉಳಿಸಿತ್ತು.

ಜಿಲ್ದಾಸ್ ಕೊಂಕಾರ್ನೋ ಬಂದರಿನ ಟ್ಯೂನಾ ಮೀನು ಹಿಡಿಯುವ ಹಡಗುಗಳಲ್ಲಿ ಮೂವತ್ನಾಲ್ಕು ವರ್ಷ ದುಡಿದವನು. ಕ್ಯಾಪ್ಟನ್ ಆಗಿ ಅಲ್ಲ, ಕ್ಯಾಪ್ಟನ್ನನ ಕೈಕೆಳಗಿನ ಎರಡನೆಯವನಾಗಿ. ಮಾಲೀಕ ತನ್ನ ಅಳಿಯನನ್ನು ಮೇಲೆ ತಂದು ಕೂರಿಸಿದ, ಇಲ್ಲದಿದ್ದರೆ ಹಡಗು ನನ್ನದೇ ಆಗುತ್ತಿತ್ತು ಎಂದು ಊರಿನ ಹೆಂಡದಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಮರಿವೋನ್ ಅಷ್ಟೂ ವರ್ಷ ಸಾರ್ಡಿನ್ ಮೀನಿನ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸಿದವಳು. ಅವನು ಮನೆಯಲ್ಲಿದ್ದ ದಿನಗಳನ್ನೆಲ್ಲ ಕೂಡಿಸಿದರೆ ಒಂಬತ್ತು ವರ್ಷವೂ ಆಗದು.

ನಿವೃತ್ತನಾದ ವರ್ಷ ಅವನೇ ಹೇಳಿದ್ದ. “ಸಮುದ್ರ ನಿಂಗೆ ಆಗಲ್ಲ, ನಂಗೊತ್ತು. ಕಾಲುವೇಲಿ ಅಲೆ ಇರಲ್ಲ ಕಣೆ. ಪ್ಯಾರಿಸ್ ದಾಟಿ, ಬರ್ಗಂಡಿ ದಾಟಿ, ದಕ್ಷಿಣದ ಬಿಸಿಲಿಗೆ ಹೋಗೋಣ. ಇಬ್ರೇ.”

ಮರಿವೋನಳಿಗೆ ಸಮುದ್ರವೆಂದರೆ ನಿಜಕ್ಕೂ ಆಗುತ್ತಿರಲಿಲ್ಲ. ಒಮ್ಮೆ ಎದುರಿನ ದ್ವೀಪಕ್ಕೆ ಹೋದಾಗ ವಾಂತಿಯಾಗಿ ಆಗಿ, ಕೊನೆಗೆ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿದ್ದಳು. ಆದರೆ ‘ಇಬ್ರೇ’ ಎಂಬ ಮಾತು ಅವಳ ಒಳಗೆ ಹೋಗಿ ಕೂತುಬಿಟ್ಟಿತು. ಬಾಡಿಗೆ ಮನೆ ಬಿಟ್ಟಳು. ಹೊಲಿಗೆ ಯಂತ್ರವನ್ನೂ ತಾಯಿಯ ಬೀರುವನ್ನೂ ತಂಗಿಗೆ ಕೊಟ್ಟಳು. ಅವನು ಗೆಳೆಯನೊಬ್ಬನ ಜೊತೆ ಸಮುದ್ರದ ದಾರಿಯಲ್ಲಿ ದೋಣಿ ತಂದ; ಅವಳು ಎರಡು ಚೀಲ ಹಿಡಿದು ರೈಲಿನಲ್ಲಿ ಬಂದಳು.

ಸಿದ್ಧತೆಗೆ ಕೊನೆಯೇ ಇರಲಿಲ್ಲ. ನೀರು ಏರಿಸಿ ಇಳಿಸುವ ನೀರಗೇಟುಗಳ ಕಲ್ಲುಗೋಡೆಗೆ ದೋಣಿ ಉಜ್ಜದಂತೆ ಹಳೇ ಟೈರುಗಳಿಗೆ ಬಟ್ಟೆ ಸುತ್ತಿ ಹೊಲಿದಳು. ಹಗ್ಗಗಳ ತುದಿ ಬಿಚ್ಚದಂತೆ ಬಿಗಿದಳು. ದಾರಿಯುದ್ದಕ್ಕೂ ನೂರಾಎಂಬತ್ತಕ್ಕೂ ಹೆಚ್ಚು ಗೇಟುಗಳು. ಯಾವುದು ಯಾವ ತಿಂಗಳು ಮುಚ್ಚಿರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಉಳಿದದ್ದು ಒಂದೇ, ಒಳನಾಡಿನ ನೀರಿನಲ್ಲಿ ದೋಣಿ ನಡೆಸುವ ಪರವಾನಗಿ. ಸಮುದ್ರದ ಪರವಾನಗಿ ಅಲ್ಲಿ ನಡೆಯದು. ಪ್ರತ್ಯೇಕ ಪರೀಕ್ಷೆ ಬರೆಯಬೇಕು.

“ಸಮುದ್ರದ ಮೇಲೆ ಅಬಿಜಾನ್ ಬಂದರಿನವರೆಗೂ ಹೋಗ್ಬಂದೋನು ನಾನು,” ಎಂದು ಜಿಲ್ದಾಸ್ ನಕ್ಕ. “ಈ ಚರಂಡಿ ನೀರಿಗೆ ಪರೀಕ್ಷೆಯಂತೆ.”

ಆದರೂ ಬರೆದ. ಹೊಳೆಯ ಪ್ರಶ್ನೆಗೆಲ್ಲ ಸಮುದ್ರದ ಉತ್ತರ ಬರೆದು ಫೇಲಾದ. ಎರಡನೆಯ ಸಲಕ್ಕೆ ಮರಿವೋನ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಅವನಿಗೆ ಪ್ರಶ್ನೆ ಓದಿ ಹೇಳತೊಡಗಿದಳು. ಎದುರಿಂದ ಬರುವ ದೋಣಿ ನೀಲಿ ಹಲಗೆ ತೋರಿಸಿದರೆ ಏನರ್ಥ? ಗೇಟಿನ ಮೇಲೆ ಎರಡು ಕೆಂಪು ದೀಪ ಇದ್ದರೆ? ಅವನು ಅವಳ ಉತ್ತರ ಕೇಳಿ, “ಅದನ್ನೇ ಹೇಳಕ್ಕೆ ಬಂದೆ” ಎನ್ನುತ್ತಿದ್ದ. ಎರಡನೆಯ ಸಲವೂ ಫೇಲಾದ.

ಪಕ್ಕದ ಸರಕುದೋಣಿಯಲ್ಲಿ ಜಿನೆತ್ ಎಂಬ ವಿಧವೆ ಇದ್ದಳು. ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ಕಾಲುವೆಯ ಮೇಲೆಯೇ. ಅವಳ ದೋಣಿಯ ಇಂಜಿನ್ ಕೆಟ್ಟು ನಿಂತು ಆರು ವರ್ಷವಾಗಿತ್ತು. ಬಾಯಿ ಮಾತ್ರ ಚೆನ್ನಾಗಿ ಓಡುತ್ತಿತ್ತು.

“ನಿನ್ನ ಗಂಡನ ತಲೇಲಿ ಉಪ್ಪುನೀರು ತುಂಬ್ಕೊಂಡಿದೆ ಕಣಮ್ಮ,” ಎಂದಳು ಜಿನೆತ್ ಒಂದು ಬೆಳಿಗ್ಗೆ, ಕಾಫಿ ಬಟ್ಟಲು ಚಾಚುತ್ತ. “ಪಾಠ ಹೇಳ್ಕೊಟ್ಟೋಳು ನೀನು. ನೀನೇ ಹೋಗಿ ಬರಿ.”

“ಅವ್ರಿಗೆ ಬೇಜಾರಾಗತ್ತೆ.”

“ಆಗ್ಲಿ. ಇನ್ನೊಂದು ಚಳಿಗಾಲ ಇಲ್ಲೇ ಕೊಳೀತೀರಲ್ಲ, ಅದು ಬೇಜಾರಲ್ವಾ?”

ತಂಗಿಗೆ ಉಲ್ಲನ್ ತರುತ್ತೇನೆಂದು ಹೇಳಿ ಹೋಗಿ ಮರಿವೋನ್ ಪರೀಕ್ಷೆ ಬರೆದು ಬಂದಳು. ಎರಡೇ ತಪ್ಪು. ಹಿಂದಿರುಗುವ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದಳು. ಐವತ್ತೆಂಟನೆಯ ವಯಸ್ಸಿನಲ್ಲಿ, ಮೀನಿನ ಚಾಕು ಬಿಟ್ಟು ಬೇರೇನೂ ಹಿಡಿಯದ ಕೈ ಒಂದು ಪರೀಕ್ಷೆ ಪಾಸು ಮಾಡಿತ್ತು. ಸಂಜೆಯೇ ಹೇಳಬೇಕೆಂದುಕೊಂಡಳು. ಮರುದಿನ ಹೇಳೋಣ ಎಂದುಕೊಂಡಳು. ಹಾಗೆ ಹದಿನೈದು ದಿನ ಕಳೆಯಿತು.

ಮಾರ್ಚಿನಲ್ಲಿ ಪರವಾನಗಿ ಅಂಚೆಯಲ್ಲಿ ಬಂತು. ಧಕ್ಕೆಯ ಕಚೇರಿಯ ಹೆಂಗಸು ಕಿಟಕಿಯಿಂದ ಜಿಲ್ದಾಸ್‌ನನ್ನು ಕೂಗಿ ಕರೆದು, “ಕೊನೆಗೂ ಬಂತು ನೋಡಿ ನಿಮ್ ಕಾಗದ” ಎಂದು ಲಕೋಟೆ ಕೊಟ್ಟಳು. ಮೂರನೆಯ ಸಲ ಬರೆದಿದ್ದ ಅವನು ಫಲಿತಾಂಶ ಕಾಯುತ್ತಿದ್ದ. ಮೇಲಿನ ಹೆಸರು ನೋಡದೆ ಅಲ್ಲೇ, ನಾಲ್ಕು ಜನರ ನಡುವೆ ಒಡೆದ. ಒಳಗೆ ಹೆಂಡತಿಯ ಫೋಟೋ ಇತ್ತು.

ದೋಣಿಗೆ ಬಂದು ಅದನ್ನು ಊಟದ ಮೇಜಿನ ಮೇಲೆ, ಬೆಣ್ಣೆಯ ತಟ್ಟೆಯ ಪಕ್ಕ ಇಟ್ಟ.

“ಫೋಟೋ ಚೆನ್ನಾಗ್ ಬಂದಿದೆ,” ಎಂದ.

“ಹೇಳಬೇಕು ಅಂತಿದ್ದೆ. ಕೇಳಿ, ಪರವಾನಗಿ ಇರೋರು ದೋಣೀಲಿದ್ರೆ ಸಾಕಂತೆ. ಚುಕ್ಕಾಣಿ ನೀವೇ ಹಿಡೀಬಹುದು. ನಾನು ಸುಮ್ನೆ ಪಕ್ಕದಲ್ಲಿ ನಿಂತಿರ್ತೀನಿ.”

“ನನ್ ದೋಣೀಲಿ ನೀನು ನನ್ನ ಕಾವಲಿಗೆ ನಿಂತ್ಕೋತೀಯ.”

“ಹಾಗಲ್ಲ.”

“ಹಾಗೇ ಅದು.” ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದ.

ಆ ವಾರವೇ ಅವನ ಮೂರನೆಯ ಫಲಿತಾಂಶವೂ ಬಂತು, ಮತ್ತೆ ಫೇಲು. ಅಂದಿನಿಂದ ದೋಣಿಗೆ ದಿನಕ್ಕೊಂದು ರೋಗ ಬಂತು. ಗೇರ್ ಸರಿಯಿಲ್ಲ. ಡೀಸೆಲ್‌ನಲ್ಲಿ ನೀರು ಸೇರಿದೆ ಎನ್ನುತ್ತಿದ್ದ. ಏಪ್ರಿಲ್‌ನಲ್ಲಿ ಗೇಟುಗಳೆಲ್ಲ ತೆರೆದವು. ಅವರ ನಂತರ ಬಂದ ದೋಣಿಗಳು ಕೂವೆಮರ ಮಲಗಿಸಿಕೊಂಡು ಒಂದೊಂದಾಗಿ ಪ್ಯಾರಿಸ್ ಕಡೆ ಹೊರಟುಹೋದವು. ಜಿನೆತ್ ತನ್ನ ದೋಣಿಯ ಮೇಲಿನಿಂದ ಕೂಗುತ್ತಿದ್ದಳು: “ಏನ್ ಕ್ಯಾಪ್ಟನ್ನಮ್ಮಾ, ಯಾವತ್ತು ಸವಾರಿ?” ಆ ಹೆಸರು ಜಿಲ್ದಾಸ್‌ನ ಕಿವಿಗೆ ಬೀಳುತ್ತಿದೆಯೆಂದು ಗೊತ್ತಿದ್ದೂ ಮರಿವೋನ್ ಅವಳನ್ನು ತಡೆಯಲಿಲ್ಲ. ಕೇಳಲು ಹಿತವಾಗಿತ್ತು.

ಮೇ ತಿಂಗಳಲ್ಲಿ ತಂಗಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಅವಳನ್ನು ನೋಡಿಕೊಳ್ಳಲು ಮರಿವೋನ್ ಒಂದು ವಾರ ಊರಿಗೆ ಹೋದಳು. ಹಿಂದಿರುಗಿ ಧಕ್ಕೆಯ ತಿರುವಿಗೆ ಬಂದಾಗ ಮಧ್ಯಾಹ್ನ. ಇಳಿಸಿ ಮಲಗಿಸಿದ ಮರಗಳ ನಡುವೆ ಒಂದು ಕೂವೆಮರ ಆಕಾಶಕ್ಕೆ ನೆಟ್ಟಗೆ ನಿಂತಿತ್ತು. ಹೊಸಬರು ಯಾರೋ ಬಂದಿದ್ದಾರೆ ಎಂದುಕೊಂಡು ನಡೆದಳು. ಹತ್ತಿರ ಬಂದ ಮೇಲೆ ತಿಳಿಯಿತು, ಅದು ತಮ್ಮದೇ.

ಜಿಲ್ದಾಸ್ ಕೂವೆಮರವನ್ನು ಹಿಡಿದು ನಿಲ್ಲಿಸುವ ತಂತಿ ಬಿಗಿಯುತ್ತಿದ್ದ. ಅವಳತ್ತ ತಿರುಗದೆಯೇ ಹೇಳಿದ: “ಯೋಚನೆ ಬದಲಾಯ್ಸಿದೆ. ಸಮುದ್ರದಲ್ಲೇ ಸುತ್ಕೊಂಡು ಹೋಗೋಣ. ಸ್ಪೇನ್, ಪೋರ್ಚುಗಲ್, ಜಿಬ್ರಾಲ್ಟರ್.”

“ನನ್ ಕೈಲಿ ಆಗಲ್ಲ ಅಂತ ನಿಮಗೆ ಗೊತ್ತು.”

“ರೈಲಲ್ಲಿ ಬಾ. ದಕ್ಷಿಣದಲ್ಲಿ, ಮಾರ್ಸೇ ಬಂದರಲ್ಲಿ ಸಿಗೋಣ.”

ಅವಳು ಚೀಲವನ್ನು ಕಲ್ಲಿನ ಮೇಲಿಟ್ಟಳು. “ಒಂದು ಕಾಗದಕ್ಕೆ ಇಷ್ಟು ಸಿಟ್ಟಾ? ನಲವತ್ತು ಪ್ರಶ್ನೆ ಅಷ್ಟೆ.”

“ಆಗ್ಲೂ ನಲವತ್ತೇ ಇತ್ತು,” ಎಂದ.

“ಯಾವಾಗ?”

ತಂತಿ ಬಿಗಿಯುವ ಕೈ ನಿಂತಿತು. ಬಾಯಿಂದ ಜಾರಿದ್ದನ್ನು ಮತ್ತೆ ಒಳಗೆ ಹಾಕಿಕೊಳ್ಳಲಾಗದೆ ಎಲ್ಲ ಹೇಳಿದ. ಅವನಿಗೆ ಇಪ್ಪತ್ತೊಂಬತ್ತಾಗಿದ್ದಾಗ ಮಾಲೀಕನೇ ಕ್ಯಾಪ್ಟನ್ ಪರೀಕ್ಷೆಗೆ ಕಳಿಸಿದ್ದ. ಮೂರು ವರ್ಷ ಕಳಿಸಿದ. ಮೂರು ವರ್ಷವೂ ಫೇಲು. ಆಮೇಲೇ ಅಳಿಯ ಬಂದದ್ದು.

“ನನ್ ಹತ್ರಾನೂ ಹೇಳಲಿಲ್ಲ,” ಎಂದಳು ಮರಿವೋನ್.

“ನೀನೂ ಹೇಳಲಿಲ್ಲ.”

ಅವಳಿಗೆ ಅವನ ಮೇಲೆ ಕನಿಕರ ಬರಬೇಕಿತ್ತು. ಆದರೆ ಇಷ್ಟು ವರ್ಷ ಆ ಮಾಲೀಕನ ಮನೆಯವರು ಎದುರು ಬಂದರೆ ಮುಖ ತಿರುಗಿಸಿ, ಗಂಡನ ಪರವಾಗಿ ಹಗೆ ಸಾಧಿಸಿಕೊಂಡು ಬಂದದ್ದು ನೆನಪಾಯಿತು. ಕನಿಕರದ ಜಾಗದಲ್ಲಿ ಬಾಯೆಲ್ಲ ಕಹಿಯಾಯಿತು. ಒಳಗೆ ಹೋಗಿ ತನ್ನ ಬಟ್ಟೆ, ಚಳಿಗಾಲದ ಬೂಟು, ಪರವಾನಗಿ ತೆಗೆದುಕೊಂಡು ಹೊರಬಂದಳು. ಅವನು ತಡೆಯಲಿಲ್ಲ. ಮಾರನೆಯ ದಿನ ಭರತ ಇಳಿಯುವ ನೀರಿನ ಜೊತೆ ‘ಸ್ತೆರೆದೆನ್’ ಸಮುದ್ರದ ಕಡೆ ಹೋಯಿತು. ಮರಿವೋನ್ ಜಿನೆತಳ ದೋಣಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಿಟಕಿ ಹತ್ತಿರವೇ ಇತ್ತು, ಅವಳು ನೋಡಲಿಲ್ಲ.

“ನನ್ನಿಂದಾಗಿ ಹೀಗಾಯ್ತು,” ಎಂದಳು ಜಿನೆತ್. ಅವಳು ಮೆತ್ತಗೆ ಮಾತಾಡಿದ್ದು ಅದೇ ಮೊದಲು.

“ನೀವು ಪರೀಕ್ಷೆ ಬರಿ ಅಂದ್ರಿ, ಬರೆದೋಳು ನಾನು,” ಎಂದಳು ಮರಿವೋನ್.

ಜಿನೆತಳ ಪರಿಚಯದವರ ಮೂಲಕ ಬರ್ಗಂಡಿಯ ಕಾಲುವೆಯಲ್ಲಿ ಬೇಸಿಗೆಯ ಮಟ್ಟಿಗೆ ಗೇಟು ಕಾಯುವ ಕೆಲಸ ಸಿಕ್ಕಿತು. ಒಂದು ಕೋಣೆಯ ಮನೆ, ಮುಂದೆ ಯಾರೋ ನೆಟ್ಟುಹೋದ ಟೊಮೇಟೊ ಗಿಡ. ದಿನಕ್ಕೆ ಏಳೆಂಟು ದೋಣಿ ಬರುತ್ತಿದ್ದವು. ಹಲವು ಹಾಯಿದೋಣಿಗಳೇ. ಗಂಡ ಚುಕ್ಕಾಣಿ ಹಿಡಿದು ಹೆಂಡತಿಯ ಮೇಲೆ ರೇಗುತ್ತಿದ್ದ; ಹೆಂಡತಿ ಹಗ್ಗ ಹಿಡಿದು ಓಡುತ್ತಿದ್ದಳು. ಒಂದೊಂದು ಜೋಡಿ ನಗುತ್ತ ಬರುತ್ತಿತ್ತು. ಅಂಥವರ ಹಗ್ಗವನ್ನು ಗೂಟಕ್ಕೆ ಹಾಕುವಾಗ ಮರಿವೋನ್ ಅವರ ಮುಖ ನೋಡುತ್ತಿರಲಿಲ್ಲ.

ಜಿಲ್ದಾಸ್ ಜಿಬ್ರಾಲ್ಟರ್ ತಲುಪಲಿಲ್ಲ. ಒಬ್ಬನೇ ಎರಡು ರಾತ್ರಿ ನಿದ್ದೆಗೆಟ್ಟು ದಾರಿಯ ಆರಂಭದಲ್ಲೇ ಸಿಗುವ ಶೆರ್ಬೂರ್ ಬಂದರಿನೊಳಗೆ ಹೊಕ್ಕವನು ಅಲ್ಲೇ ಕಟ್ಟಿಕೊಂಡು ಕೂತಿದ್ದಾನೆ ಎಂದು ತಂಗಿ ತಿಳಿಸಿದಳು. ಆಗಸ್ಟಿನ ಒಂದು ಬೆಳಿಗ್ಗೆ ಅವನ ಫೋನು ಬಂತು.

“ಕುಕ್ಕರಿನ ರಬ್ಬರ್ ಎಲ್ಲಿಟ್ಟಿದೀಯ?” ಎಂದು ಕೇಳಿದ.

“ಒಲೆ ಕೆಳಗಿನ ಖಾನೇಲಿ. ಹಿಂದಕ್ಕೆ. ನೀಲಿ ಡಬ್ಬದಲ್ಲಿ.”

ಡಬ್ಬಗಳನ್ನು ಸರಿಸುವ ಸದ್ದು ಕೇಳಿಸಿತು. ಅವಳು ಕಾದಳು.

“ಸಿಕ್ತು,” ಎಂದ. ಇನ್ನೇನೋ ಹೇಳುವವನಂತೆ ಉಸಿರೆಳೆದುಕೊಂಡ. ಕೆಳಗೆ ದೋಣಿಯೊಂದು ಬಂದು ನಿಂತು ಹಾರನ್ ಒತ್ತಿತು.

“ಇಡ್ತೀನಿ, ಜನ ಕಾಯ್ತಿದಾರೆ,” ಎಂದು ಮರಿವೋನ್ ಫೋನನ್ನು ಜೇಬಿಗೆ ಹಾಕಿ, ಗೇಟಿನ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸತೊಡಗಿದಳು.