ಮಂಚಗಳು ಕೊಟ್ಟ ಅಪ್ಪಣೆ

"ಕುರ್ಚಿ ಬೇಕಾ ನಿಂಗೆ? ನಿಮ್ಮವ್ವ ನಿನ್ನ ಸಿಂಹಾಸನದ ಮೇಲೆ ಹೆತ್ತಿದ್ಲೇನೇ?"

ರಾತು ಜೋವಿಲಿಸಿ ಎಂಬಾತ ಹೀಗೆ ಗದರಿದಾಗ ನರ್ಸು ಸೆರೆಯಿಮಾ ಆತನ ಕೋಣೆಯ ಚಾಪೆಯ ಮೇಲೆ ಕಾಲು ಮಡಿಸಿ ಕೂತಿದ್ದಳು. ಆತ ಆಸ್ಪತ್ರೆಯ ಮೇಲಧಿಕಾರಿ, ಸಾಲದ್ದಕ್ಕೆ 'ರಾತು' ಅನ್ನಿಸಿಕೊಳ್ಳುವ ದೊರೆಮನೆತನ. ದ್ವೀಪದ ಊರಾದ ಲಬಾಸಾದಲ್ಲಿ ಎದುರಿಗಿದ್ದವರನ್ನು ನೆಲಕ್ಕಿಳಿಸಲು ಎರಡರಲ್ಲಿ ಒಂದಿದ್ದರೂ ಸಾಕಿತ್ತು. ಹೆಂಗಸರ ವಾರ್ಡಿನಲ್ಲಿ ಮೂವತ್ತನಾಲ್ಕು ಮಂಚ, ಇಬ್ಬರು ನರ್ಸುಗಳು. ಒಂದು ದಿನ ಒಬ್ಬಳು ಕೂತಿದ್ದು ಕಣ್ಣಿಗೆ ಬಿದ್ದದ್ದೇ ತಡ, ಆತ ಇದ್ದೊಂದು ಕುರ್ಚಿಯನ್ನೂ ಎತ್ತಿಸಿಬಿಟ್ಟಿದ್ದ.

"ಕುರ್ಚಿ ಆಸೆ ಬಿಟ್ಟಾಯ್ತು ರಾತು. ಬ್ರಿಸ್ಬೇನಿನ ವೃದ್ಧಾಶ್ರಮದವ್ರು ನಿಮ್ಮ ರುಜು ಇರೋ ಬಿಡುಗಡೆ ಪತ್ರ ಕೇಳವ್ರೆ. ತಿಂಗಳ ಕೊನೆಯೊಳಗೆ ಕಳಿಸ್ದಿದ್ರೆ ಕೆಲ್ಸ ಬೇರೆಯವ್ರಿಗಂತೆ."

"ಅಲ್ಲಿ ಮುದುಕರ ಕುಂಡಿ ತೊಳೆಯೋಕಾ?"

"ಇಲ್ಲೂ ಅದೇ ತಾನೆ. ಅಲ್ಲಿ ಹೊಸ ಕೈಗವಸು ಕೊಡ್ತಾರೆ. ಇಲ್ಲಿ ತೊಳ್ದು ಒಣಗಾಕ್ಕೋಬೇಕು."

"ದುಡ್ಡಿನ ಹುಚ್ಚು ಮುಂಡೇವು!"

"ದುಡ್ಡೇ ಆಗಿದ್ರೆ ಹನ್ನೊಂದು ವರ್ಷ ಇಲ್ಲಿರ್ತಿದ್ನಾ?"

ಆತ ಪೆನ್ನಿನ ಮುಚ್ಚಳ ಹಾಕಿದ. "ಹೊರಡೋರು ಅಪ್ಪಣೆ ಕೇಳೋ ಪದ್ಧತಿ ನಿಮ್ಮೂರಲ್ಲಿಲ್ವಾ? ಶುಕ್ರವಾರ ಕಾಣಿಕೆಗೆ ಯಂಗೋನ ಬೇರು ತಗೊಂಡು ಮಂಡಿಯೂರ್ಕೊಂಡು ಬಾ. ವಾರ್ಡಲ್ಲೇ ಬಾ. ಮಿಕ್ಕೋವೂ ನೋಡ್ಲಿ. ಆಮೇಲೆ ಯೋಚ್ನೆ ಮಾಡ್ತೀನಿ."

ಶುಕ್ರವಾರ ಆತನಿಗೆಂದು ವಾರ್ಡಿಗೆ ಕುರ್ಚಿ ಬಂತು, ದಿಂಬಿನ ಸಮೇತ. ಇಸ್ತ್ರಿ ಹಾಕಿದ ಸುಲು ಪಂಚೆ ಉಟ್ಟು ಕೂತ ರಾತು, ಎರಡೂ ಕೈ ಚಾಚಿ ಕಾದ. ಸೆರೆಯಿಮಾ ಬೇರಿನ ಕಟ್ಟು ಹಿಡಿದು ಮಂಡಿಯೂರುತ್ತ ಬಂದಳು. ಆತನ ಬೂಟುಗಳನ್ನು ದಾಟಿ ಹಾಗೇ ಮುಂದೆ ಹೋದಳು. ಕಿಟಕಿ ಪಕ್ಕದ ಮಂಚದಲ್ಲಿ ಸಕ್ಕರೆ ಕಾಯಿಲೆಗೆ ಒಂದು ಕಾಲು ಕೊಟ್ಟ ಅಸೆನಾಕಾ ಎಂಬ ಮುದುಕಿ ಇದ್ದಳು, ವಾರ್ಡಿಗೇ ಹಿರಿಯಳು, ಎಲ್ಲರಿಗೂ 'ಬೂಬು', ಅಂದರೆ ಅಜ್ಜಿ. ಕಟ್ಟನ್ನು ಅವಳ ಮುಂದಿಟ್ಟಳು.

"ಬೂಬು, ಹನ್ನೊಂದು ವರ್ಷ ಈ ಮಂಚಗಳ ಚಾಕರಿ ಮಾಡ್ದೆ. ತಪ್ಪಾಗಿದ್ರೆ ಹೊಟ್ಟೆಗಾಕ್ಕೊಳ್ಳಿ. ಹೊರಡ್ತೀನಿ, ಅಪ್ಪಣೆ ಕೊಡಿ."

"ಏಯ್! ನಾನಿಲ್ಲಿದ್ದೀನಿ!" ಎಂದ ರಾತು.

"ಕಾಣ್ತದೆ ಕಣಪ್ಪಾ," ಎಂದಳು ಬೂಬು. "ನನ್ನ ಕಾಲು ಕೊಳೀತಿದ್ದಾಗ ಕಾಣ್ಲಿಲ್ಲ, ಅಷ್ಟೆ." ಹಾಗೆಂದು ಬೇರನ್ನು ಮುಟ್ಟಿದಳು.

ಮುಟ್ಟಿದರೆ ಒಪ್ಪಿದ ಹಾಗೆ. ಒಪ್ಪಿದ್ದನ್ನು ದೊರೆಯೂ ಹಿಂದಕ್ಕೆ ಪಡೆಯುವಂತಿಲ್ಲ. ವಾರ್ಡಿಗೆ ವಾರ್ಡೇ ಪದ್ಧತಿಯಂತೆ ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿತು. ಒಂದು ಕೈಗೆ ಡ್ರಿಪ್ ಇದ್ದವರು ಮಂಚದ ಕಂಬಿ ಬಡಿದರು.

"ರುಜು ಹಾಕಲ್ಲ ಕಣೇ!"

"ಹಾಕ್ಬೇಡಿ," ಎಂದಳು ಸೆರೆಯಿಮಾ. "ಸಿಕ್ಕ ಅಪ್ಪಣೇನ ರಾತು ತಡೆದ ಅಂತ ಇವ್ರೆಲ್ಲ ಅವರವ್ರ ಊರಿಗೆ ಹೋಗಿ ಹೇಳ್ತಾರೆ. ಮೂವತ್ತನಾಲ್ಕು ಊರು."

ಅಷ್ಟರಲ್ಲಿ ಒಂಬತ್ತನೇ ಮಂಚದಿಂದ ಕೂಗು ಬಂತು: "ಯಾರಾದ್ರೂ ಬೆಡ್‌ಪ್ಯಾನ್ ಕೊಡ್ರೇ, ತಡೆಯಕ್ಕಾಗ್ತಿಲ್ಲ!"

ಉಳಿದ ಒಬ್ಬಳೇ ನರ್ಸು ಅತ್ತ ತುದಿಯಲ್ಲಿ ಯಾರದೋ ವಾಂತಿ ಹಿಡಿಯುತ್ತಿದ್ದಳು. ಸೆರೆಯಿಮಾ ಬೆಡ್‌ಪ್ಯಾನ್ ತೆಗೆದುಕೊಂಡು, ಪದ್ಧತಿ ತಪ್ಪದಂತೆ ಮಂಡಿಯೂರಿ, ತಲೆ ತಗ್ಗಿಸಿ, ಇನ್ನೂ ಚಾಚಿಕೊಂಡೇ ಇದ್ದ ರಾತುವಿನ ಕೈಗಳಲ್ಲಿ ಅದನ್ನಿಟ್ಟಳು.

"ಒಂಬತ್ತನೇ ಮಂಚ, ರಾತು," ಎಂದಳು. "ಬೇಗ."