ಬೀಳ್ಕೊಡುಗೆ ಊಟವಾದ ಮೇಲೆ

ಒಂದೇ ಬಿಸ್ಕತ್ತು ಕೊಟ್ಟು ಟಪ್ಪೆಂದು ಡಬ್ಬಿ ಮುಚ್ಚಿದಳು ಮುದುಕನ ಮಗಳು ಫ್ರೌಕ್ಯೆ, ಸಾಯಹೊರಟವರ ಮನೆಯಲ್ಲೂ ಕಾಫಿಗೆ ಒಂದೇ, ನಮ್ಮ ಫ್ರೀಸ್‌ಲಾಂಡ್ ಸೀಮೆ ಬದಲಾಗುವುದಿಲ್ಲ ಅಂದುಕೊಂಡಳು ಡಾಕ್ಟರ್ ವೀಪ್ಕೆ — ನಗಬಾರದು, ಬಂದದ್ದು ಒಬ್ಬರ ದಯಾಮರಣಕ್ಕೆ ಸಹಿ ಹಾಕಬಹುದೇ ಎಂದು ನೋಡಲು, ಮನೆಯ ಡಾಕ್ಟರು ಒಪ್ಪಿಯಾಗಿದೆ, ಎರಡನೆಯ ಡಾಕ್ಟರು ಗುರುತಿಲ್ಲದವರೇ ಆಗಿರಬೇಕು, ಕಾನೂನು ಹಾಗೆ, ಅಪ್ಪನಿಗೆ ಗುರುವಾರವೇ ಆಗ್ಬೇಕಂತೆ ಡಾಕ್ಟ್ರೇ, ಹೌದಲ್ವಾ ಅಪ್ಪಾ, ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಹೌದಂತೆ, ಅಪ್ಪನ ಏದುಸಿರನ್ನೂ ಮಗಳೇ ಬಿಡುತ್ತಾಳೆ — ಸ್ವಲ್ಪ ಹೊತ್ತು ನಿಮ್ಮ ಅಪ್ಪ, ನಾನು ಇಬ್ಬರೇ ಇರಬೇಕು, ಅದೂ ಕಾನೂನು, ಅಯ್ಯೋ ನಮ್ಮಲ್ಲಿ ಮುಚ್ಚುಮರೆ ಏನಿದೆ, ಆದರೂ, ಸರಿ, ನಾಯಿನ ಓಡಾಡಿಸ್ಕೊಂಡು ಬರ್ತೀನಿ.

ಬಾಗಿಲು ಮುಚ್ಚಿತು, ಮುದುಕ ಸೀಬ್ರೆನ್ ಮೂಗಿನ ಆಮ್ಲಜನಕದ ಕೊಳವೆ ಸರಿಮಾಡಿಕೊಂಡು ಮೆಲ್ಲಗೆ, ಭಾನುವಾರ ಬೀಳ್ಕೊಡುಗೆ ಊಟ ಆಗೋಯ್ತು ಡಾಕ್ಟ್ರಮ್ಮ — ನಾನು ಬಂದು ಒಪ್ಪುವ ಮೊದಲೇ — ಎಲ್ರಿಗೂ ಬಿಡುವಿದ್ದಿದ್ದು ಅವತ್ತೇ, ಇಪ್ಪತ್ತಾರು ಜನ, ಬಟಾಣಿ ಸೂಪು, ದೊಡ್ಡ ಮಗ ಥೇಟ್ ನನ್ನ ಥರಾನೇ ಕೆಮ್ಮಿ ತೋರಿಸ್ದ, ನಕ್ರು, ಅತ್ರು, ಐಸ್ ಮೇಲೆ ಜಾರೋ ನನ್ನ ಸ್ಕೇಟು ಮೊಮ್ಮಗಳಿಗೆ ಕೊಟ್ಬಿಟ್ಟೆ, ಸೋಮವಾರ ಎದ್ದು ನೋಡ್ತೀನಿ, ಹಸಿವು. ಹಸಿವೇ? ಹ್ಞೂ, ಎರಡು ಮೊಟ್ಟೆ ತಿಂದೆ, ಇನ್ನೂ ಸ್ವಲ್ಪ ದಿನ ಇರೋಣ ಅನ್ನಿಸ್ತಿದೆ, ಅಷ್ಟು ಅತ್ತೋರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ, ನೀವೇ ಆಗಲ್ಲ ಅಂದ್ಬಿಡಿ, ಬೈಗುಳ ನಿಮಗಿರ್ಲಿ, ನೀವು ಹೇಗೂ ಈ ಊರೋರಲ್ಲ.

ಬೈಗುಳ ನನಗಿರಲಿ — ಅರ್ಜಿಯಲ್ಲಿ ಪ್ರಶ್ನೆಯಿದೆ, ಸ್ವಂತ ಇಚ್ಛೆಯೇ, ಹೌದು, ಇಲ್ಲ, ಎಷ್ಟು ಮನೆಗಳಲ್ಲಿ ಹೌದು ಎಂದು ಗೀಚಿದ್ದೇನೆ ಹನ್ನೊಂದು ವರ್ಷದಲ್ಲಿ, ನೋವು ಕೇಳಿದೆ, ನಿದ್ದೆ ಕೇಳಿದೆ, ಒತ್ತಾಯವಿದೆಯೇ ಕೇಳಿದೆ, ಊಟ ಆಯಿತೇ ಎಂದು ಒಬ್ಬರನ್ನೂ ಕೇಳಲಿಲ್ಲ, ಅವರಲ್ಲಿ ಯಾರಿಗೆ ಹಸಿವಾಗಿತ್ತೋ, ಯಾರು ಮರ್ಯಾದೆಗೆ ಹೋದರೋ, ಆಮೇಲೆ ಸಮಿತಿಯ ಪ್ರತಿ ಪರಿಶೀಲನಾ ಪತ್ರವೂ ಎಲ್ಲ ಸರಿಯಾಗಿದೆ ಎಂದೇ ಬಂತು, ಸರಿಯಾಗಿತ್ತೇ — ಪೆನ್ನು ಈ ಸಲ ಇಲ್ಲ ಎಂಬಲ್ಲಿ ಒತ್ತಿ ಗೆರೆ ಎಳೆಯುತ್ತದೆ, ಆದರೆ ಸುಳ್ಳು ಹೇಳಲಾರೆ ಸೀಬ್ರೆನ್, ನೀವು ಬೇಡ ಅಂದಿರಿ ಅಂತಲೇ ಬರೆಯುತ್ತೇನೆ, ನೋವು ತಡೆಯಲಾರದ ದಿನ ಮತ್ತೆ ಕರೆಯಿರಿ, ಬರುತ್ತೇನೆ. ಹಾಗಾದ್ರೆ ಇಪ್ಪತ್ತಾರು ಜನಕ್ಕೆ ಇನ್ನೊಂದ್ಸಲ ಸೂಪು ಕುದಿಸ್ಬೇಕಲ್ಲ, ಎಂದು ಮುದುಕ ನಗುತ್ತಾನೆ, ಕೊಳವೆ ಜಾರುವಂತೆ, ಕಣ್ಣಲ್ಲಿ ನೀರು ಬರುವಂತೆ, ಕಿಟಕಿಯಾಚೆ ನಾಯಿ ಹಿಡಿದ ಫ್ರೌಕ್ಯೆ ಆ ನಗು ಕೇಳಿ, ಸಹಿ ಆಯಿತು, ಅಪ್ಪ ನಿರಾಳನಾದ ಎಂದುಕೊಂಡು, ತಾನೂ ನಕ್ಕು ಅಂಗೈಯನ್ನು ಗಾಜಿಗೊತ್ತುತ್ತಾಳೆ, ಹೋಗಿ ಬಾ ಅನ್ನುವ ಹಾಗೆ — ಹೇಗೆ ಹೇಳಲಿ ಅವಳಿಗೆ, ಆ ಅಂಗೈ, ನಾನು ಸಹಿ ಹಾಕಿದ ಮನೆಗಳಲ್ಲೂ ಹೊರಗೆ ಕಾದವರು ಹೀಗೇ ಬೀಳ್ಕೊಟ್ಟರೇ, ಗಾಜು, ಅಂಗೈ, ಬಿಳುಚಿದ ಐದು ಬೆರಳು, ಐದು ಬೆರಳು —