ಎಡ ಎದೆಯ ಸುಕ್ಕು

ಟ್ಯಾಕ್ಸಿ ಬರುವುದು ಒಂದೂವರೆಗೆ. ಒಂದು ಗಂಟೆಗೆ ನನ್ನ ಪಾಸ್‌ಪೋರ್ಟ್ ಕಾಣೆ.

ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಟೇಪಣ್ಣನ ಮೇಜಿನ ಮೇಲಿತ್ತು. ಕೆಳಗೆ ಅವನ ಟೈಲರ್ ಅಂಗಡಿ, ಮೇಲೆ ಮನೆ, ಮನೆಯ ಮೂಲೆಕೋಣೆಯಲ್ಲಿ ಮೂರು ವಾರದಿಂದ ನಾನು. ಪರದೇಶಕ್ಕೆ ಬಂದು ಬಾಡಿಗೆಗೆಂದು ಇಳಿದವನು ಎರಡೇ ದಿನಕ್ಕೆ ಮನೆಯವನಾಗಿದ್ದೆ. ಊಟಕ್ಕೆ ಕೂತಾಗಲೂ ಕೊರಳಿನ ಅಳತೆಪಟ್ಟಿ ತೆಗೆಯದವನಿಗೆ ಟೇಪಣ್ಣ ಎಂದು ಹೆಸರಿಟ್ಟವನೂ ನಾನೇ. ಇಂದು ನನ್ನ ಕೊನೆಯ ದಿನವೆಂದು ಅವನು ಅಂಗಡಿಗೆ ರಜೆ ಹಾಕಿ, ನನ್ನ ಕೋಟು ಮುಗಿಸಲು ಬೆಳಗಿನಿಂದ ಬೆನ್ನು ಬಗ್ಗಿಸಿದ್ದ. ಕೋಟು ನಾಳೆಗೆ ಬೇಕಿತ್ತು. ನಾಳೆ ಹನ್ನೊಂದಕ್ಕೆ ಊರಲ್ಲಿ ನನ್ನ ತಂಗಿಯ ರಿಜಿಸ್ಟರ್ ಮದುವೆ; ಸಾಕ್ಷಿ ಸಹಿ ನನ್ನದು.

ಅವನ ಹೆಂಡತಿ, ನನಗೆ ಅತ್ತಿಗೆ, ಶಿಶುವಿಹಾರದ ಟೀಚರ್.

"ಎಲ್ರೂ ನಿಂತಲ್ಲೇ ನಿಂತ್ಕೊಳ್ಳಿ. ಪಾಸ್‌ಪೋರ್ಟ್ ಕೊನೇಗೆ ನೋಡಿದ್ದು ಯಾರು? ಕೈ ಎತ್ತಿ."

ನಾನು ಎತ್ತಿದೆ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದ ಟೇಪಣ್ಣ ತಲೆಯನ್ನೂ ಎತ್ತಲಿಲ್ಲ.

ಸೂಟ್‌ಕೇಸನ್ನು ಮೂರು ಸಲ ಸುರಿದೆ. ದಿಂಬು ಕೊಡವಿದೆ. ಫ್ರಿಜ್ ತೆಗೆದೆ.

"ಅಲ್ಲೇನು, ಕೆಟ್ಟು ಹೋಗ್ಬಾರ್ದು ಅಂತ ಇಟ್ಟಿದ್ರಾ?" ಎಂದರು ಅತ್ತಿಗೆ.

"ನನ್ನ ತಲೆ ಇಡೋಣ ಅಂತ ತೆಗೆದೆ."

ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಟೇಪಣ್ಣ ಎದ್ದು ಕೋಟು ಕೊಡವಿದ.

"ಹಾಕ್ಕೋ."

"ಪಾಸ್‌ಪೋರ್ಟೇ ಇಲ್ಲ ಅಣ್ಣ, ಕೋಟು ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?"

"ಹುಡುಕೋಕೆ ಹೋಗು. ನೋಡೋಕಾದ್ರೂ ಚೆನ್ನಾಗಿರ್ತೀಯ."

ಹಾಕಿಕೊಂಡೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮುಖ ಸಪ್ಪಗಾಯಿತು.

"ಎಡಗಡೆ ಎದೆ ಹತ್ರ ಸುಕ್ಕು."

"ಇರ್ಲಿ ಬಿಡಣ್ಣ!"

"ಇರ್ಲಿ ಅಂದ್ರೆ? ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೋಟು ಸುಕ್ಕಾಗಿಲ್ಲ. ನೀನೇ ಇಲ್ಲಿ ತಿಂದು ತಿಂದು ಊದಿದ್ದೀಯ."

"ಒಂದೇ ಕಡೆ ಊದ್ತೀನಾ?"

ಸುಕ್ಕು ಸವರಲು ಬಂದ ಅವನ ಅಂಗೈ ಅಲ್ಲೇ ನಿಂತಿತು.

"ಅಯ್ಯೋ."

ಒಳಜೇಬಿನ ಬಾಯಿ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ಮುಚ್ಚಿತ್ತು. ಜೇಬಿಗೆ ಏನು ಬೀಳುತ್ತದೋ ಅದನ್ನೇ ಒಳಗಿಟ್ಟು ಅಳತೆ ನೋಡುವುದು, ಇಸ್ತ್ರಿಯಾಗುವ ತನಕ ಆಕಾರ ಕೆಡದಿರಲೆಂದು ಬಾಯಿಗೆ ನಾಲ್ಕು ಹೊಲಿಗೆ ಹಾಕುವುದು ಅವನ ಪದ್ಧತಿ. ನಾನು ಸ್ನಾನಕ್ಕೆ ಹೋದಾಗ ಪಾಸ್‌ಪೋರ್ಟ್ ತೆಗೆದು ಈ ಜೇಬಿನಲ್ಲಿಟ್ಟಿದ್ದಾನೆ. ಆಮೇಲೆ ಕಾಲರಿಗೆ ಕೂತಿದ್ದಾನೆ, ಗುಂಡಿಗಳಿಗೆ ಕೂತಿದ್ದಾನೆ, ಮರೆತಿದ್ದಾನೆ.

"ರೀ, ಹೋಗಿ ಮೂಲೇಲಿ ನಿಂತ್ಕೊಳ್ಳಿ," ಎಂದರು ಅತ್ತಿಗೆ. ಅವನು ನಿಜಕ್ಕೂ ಎರಡು ಹೆಜ್ಜೆ ಆ ಕಡೆ ಇಟ್ಟ.

ನಾನು ಹೊಲಿಗೆಗೆ ಕೈ ಹಾಕಿದೆ.

"ಇಲ್ಲಿ ಬೇಡ, ಏರ್‌ಪೋರ್ಟಲ್ಲೇ ಬಿಚ್ಚು. ದಾರಿಯಲ್ಲಿ ಎಲ್ಲೂ ಬೀಳಲ್ಲ. ಓಡು!"

ಅಪ್ಪಿಕೊಳ್ಳಲೂ ಪುರಸೊತ್ತಿರಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ, ಪ್ರತಿ ಸಿಗ್ನಲ್ಲಿನಲ್ಲೂ, ಎದೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಚಾಲಕ ಕನ್ನಡಿಯಲ್ಲಿ ನೋಡಿ ಹೆದರಿ ಕೇಳಿದ, "ಆಸ್ಪತ್ರೆಗೆ ತಿರುಗಿಸ್ಲಾ ಸಾರ್?"

ಚೆಕ್-ಇನ್ ಕೌಂಟರ್ ಮುಚ್ಚಲು ಹತ್ತು ನಿಮಿಷವಿತ್ತು. ಗುಮಾಸ್ತೆ ಕೈ ಚಾಚಿದಳು. ನಾನು ದಾರದ ತುದಿ ಹಿಡಿದೆಳೆದೆ. ಒಂದೇ ಎಳೆತಕ್ಕೆ ಪೂರ್ತಿ ಬಂತು. ಟೇಪಣ್ಣನ ಹೊಲಿಗೆಯಲ್ಲವೇ.

ಒಳಗೆ ಹೋಗಿ ಉಸಿರು ಬಿಟ್ಟು, ಗಾಜಿನಲ್ಲಿ ನೋಡಿಕೊಂಡು ಫೋನ್ ಮಾಡಿದೆ.

"ಅಣ್ಣ, ಸುಕ್ಕು ಹೋಯ್ತು."

"ಹೇಳಿರ್ಲಿಲ್ವಾ ನಾನು," ಎಂದ. "ತಪ್ಪು ಕೋಟಿಂದಲ್ಲ ಅಂತ."